ವಿಲಾಯಿತಿ ಪಿಂಚಣಿಯೂ ಕುರುಡುಮಲೆಯ ವಾಸವೂ

ವೃದ್ಧಾಪ್ಯವನ್ನು ಎಲ್ಲಿ ಕಳೆಯಬೇಕೆಂಬ ಪ್ರಶ್ನೆಯೇ ನಮ್ಮ ಹಿರಿಯರಿಗೆ ಹುಟ್ಟುತ್ತಿರಲಿಲ್ಲ. ಹುಟ್ಟಿದ ಊರಿನಲ್ಲಿ ಬೆಳೆದು, ಅಲ್ಲಿಯೇ ದುಡಿದು, ಕಡೆಗೆ ಆ ಊರಿನ ಮಣ್ಣಿಗೇ ಸೇರುವುದು ವಾಡಿಕೆಯಾಗಿದ್ದಿತು. ಈ ಪ್ರಶ್ನೆಯನ್ನು ನಮ್ಮ ಕೋಲಾರದ ಸೀಮೆಗೆ ತಂದವರು ಇಂಗ್ಲೆಂಡಿನವರೆಂದರೆ ತಪ್ಪಾಗಲಾರದು. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿಯ ಚಿನ್ನದ ಗಣಿಗಳಿಗೆ ಕೈಹಾಕಿದ ಮೇಲೆ ಕಾರ್ನ್‌ವಾಲ್ ಮುಂತಾದ ಪ್ರಾಂತಗಳಿಂದ ಬಂದ ಗಣಿಗಾರರೂ ಇಂಜಿನಿಯರುಗಳೂ ಬಂಗಲೆ ಕಟ್ಟಿಕೊಂಡು, ತೋಟ ಬೆಳೆಸಿ, ಅವಧಿ ತೀರಿದೊಡನೆ ಹಡಗು ಹತ್ತಿ ಸ್ವದೇಶಕ್ಕೆ ಹೊರಟುಹೋಗುತ್ತಿದ್ದರು. ಕೆಲವರು ಮಾತ್ರ ಇಲ್ಲಿಯೇ ಉಳಿದು, ಇಲ್ಲಿಯೇ ಮಣ್ಣಾದರು. ಆ ಗಣಿಗಳೂ ೨೦೦೧ರಲ್ಲಿ ಮುಚ್ಚಿಹೋದುವು. ಈಗ ಅದೇ ಜಿಲ್ಲೆಯ ನಮ್ಮಂಥವರು ಆ ದೇಶಕ್ಕೆ ಹೋಗಿ, ದುಡಿದು, ಕಾಗದಪತ್ರಗಳಲ್ಲಿ ಬ್ರಿಟಿಷ್ ಪ್ರಜೆಗಳಾಗಿ, ಪಿಂಚಣಿ ಹಿಡಿದು ಕುರುಡುಮಲೆಗೆ ಬಂದು ಕುಳಿತಿರುವೆವು. ಸರ್ಕಾರದ ದೃಷ್ಟಿಯಿಂದ ನೋಡಿದರೆ, ನಾವು ಪರದೇಶದಲ್ಲಿ ವಿಶ್ರಾಂತಿಗೆಂದು ನೆಲಸಿದ ಇಂಗ್ಲೆಂಡಿನವರು!

ನಮ್ಮ ಊರನ್ನು ವಾಚಕರಲ್ಲಿ ಬಹುಮಂದಿ ನೋಡಿಯೇ ಇರಬಹುದು. ಮುಳಬಾಗಿಲಿನಿಂದ ಸುಮಾರು ೧೦ ಕಿಲೋಮೀಟರು ದೂರ. ಆಳೆತ್ತರಕ್ಕೆ ಎರಡು ಪಟ್ಟು ಮೀರಿದ ಏಕಶಿಲಾ ಗಣಪತಿಯೂ, ಚೋಳರ ಕಾಲದ ಸೋಮೇಶ್ವರನ ಗುಡಿಯೂ ಊರಿನ ಕೀರ್ತಿಗೆ ಕಾರಣ. ಚುನಾವಣೆ ಬಂದಿತೆಂದರೆ ರಾಜಕಾರಣಿಗಳು ಮೊದಲ ಪೂಜೆಗೆ ಇಲ್ಲಿಗೆ ಬರುವುದೂ ರೂಢಿ. ನಾವು ಲೆಕ್ಕಶಾಸ್ತ್ರ ಓದಲೆಂದು ೧೯೭೫ರಲ್ಲಿ ಇಲ್ಲಿಂದ ಹೊರಟು, ೧೯೭೯ರಿಂದ ೩೭ ವರ್ಷ ಲೆಸ್ಟರ್ ಪಟ್ಟಣದಲ್ಲಿ ಗುಮಾಸ್ತೆಯ ಕೆಲಸ ಮಾಡಿದೆವು. ನಮ್ಮ ಮನೆಯವರು ಅಲ್ಲಿಯ ಶಾಲೆಯೊಂದರ ಅಡಿಗೆಮನೆಯಲ್ಲಿ ೨೦ ವರ್ಷ ದುಡಿದರು. ೨೦೧೮ರ ಫೆಬ್ರವರಿಯಲ್ಲಿ ಇಬ್ಬರೂ ಇಲ್ಲಿಗೆ ಬಂದೆವು. ಈಚೆಗೆ ಬಂಧುಗಳೂ ಪರಿಚಿತರೂ “ನಾವೂ ಬರಬಹುದೇ? ಖರ್ಚು ಹೇಗೆ? ಕಾಯಿಲೆಯಾದರೆ ಗತಿಯೇನು?” ಎಂದು ಮೇಲಿಂದ ಮೇಲೆ ಕೇಳುತ್ತಿರುವರು. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿರುವ ಮನೆಗಳು ಈಗ ಬಹಳ. ಆದುದರಿಂದ ನಮಗೆ ಅನುಭವದಿಂದ ತಿಳಿದಷ್ಟನ್ನು ಇಲ್ಲಿ ಬರೆದರೆ ಕೆಲವರಿಗಾದರೂ ಉಪಯೋಗವಾದೀತು.

ಮೊದಲು ಪೌರತ್ವದ ಮಾತು. ನಮ್ಮ ದೇಶದ ಕಾನೂನು ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲ. ಬ್ರಿಟಿಷ್ ಪ್ರಜೆಯಾದೊಡನೆ ಭಾರತದ ಪೌರತ್ವವು ಹೋಯಿತೆಂದೇ ಲೆಕ್ಕ. ಅದರ ಬದಲಿಗೆ ೨೦೦೫ರ ತಿದ್ದುಪಡಿಯಿಂದ ‘ಸಾಗರೋತ್ತರ ಭಾರತೀಯ ನಾಗರಿಕ’ ಎಂಬ ಚೀಟಿ ದೊರೆಯುವಂತಾಯಿತು. ಹೆಸರಿನಲ್ಲಿ ನಾಗರಿಕನೆಂದಿದ್ದರೂ ಅದು ಪೌರತ್ವವಲ್ಲ; ಆಯುಷ್ಯವಿರುವವರೆಗೆ ಬಂದು ಹೋಗಿ ವಾಸಿಸುವುದಕ್ಕೆ ಅನುಮತಿ, ಅಷ್ಟೆ. ಇದನ್ನುಳ್ಳವರು ಪೊಲೀಸು ಕಚೇರಿಯಲ್ಲಿ ಹೆಸರು ಬರೆಯಿಸಬೇಕಾಗಿಲ್ಲ, ಮನೆ ಕೊಳ್ಳಬಹುದು, ಬ್ಯಾಂಕಿನಲ್ಲಿ ಲೆಕ್ಕ ತೆರೆಯಬಹುದು, ಹನ್ನೆರಡು ತಿಂಗಳಲ್ಲಿ ೧೮೨ ದಿನ ಇಲ್ಲಿ ವಾಸವಾಗಿದ್ದರೆ ಆಧಾರ್ ಸಂಖ್ಯೆಯನ್ನೂ ಪಡೆಯಬಹುದು. ಮತ ಹಾಕುವ ಹಕ್ಕು ಮಾತ್ರ ಇಲ್ಲ. ಹೀಗಾಗಿ ನಮ್ಮ ಗ್ರಾಮಪಂಚಾಯಿತಿಗೆ ಯಾರು ಬರಬೇಕೆಂದು ಹೇಳುವ ಅಧಿಕಾರ ನಮಗಿಲ್ಲ. ಲೆಸ್ಟರಿನಿಂದ ಪಾರ್ಲಿಮೆಂಟಿಗೆ ಯಾರು ಹೋಗಬೇಕೆಂದು ಮಾತ್ರ ಕುರುಡುಮಲೆಯಲ್ಲಿ ಕುಳಿತೇ ಹೇಳಬಹುದು. ಏತಕ್ಕೆಂದರೆ ಹೊರದೇಶದಲ್ಲಿರುವವರಿಗೆ ಹಿಂದೆ ಇದ್ದ ೧೫ ವರ್ಷಗಳ ಮಿತಿಯನ್ನು ಅಲ್ಲಿಯ ಸರ್ಕಾರದವರು ೨೦೨೪ರ ಜನವರಿಯಿಂದ ತೆಗೆದುಹಾಕಿರುವರು.

ಇನ್ನು ಜಮೀನು. ಹಳ್ಳಿಗೆ ಮರಳುವವನಿಗೆ ಎರಡೆಕರೆ ಹೊಲ ಮಾಡಬೇಕೆಂಬ ಆಸೆ ಸಹಜವಾದುದು. ನಮ್ಮ ತಂದೆಯವರಿಂದ ಬಂದ ಪಾಲು ಒಂದೆಕರೆ ಹತ್ತು ಗುಂಟೆ. ಅದರ ಮಗ್ಗುಲಿನ ಹೊಲದವರು ಮಾರುವುದಕ್ಕೆ ಸಿದ್ಧರಾದಾಗ ನಮ್ಮ ತಮ್ಮನು, “ಅಣ್ಣಾ, ಬಾವಿಯ ನೀರು ಎರಡಕ್ಕೂ ಸಾಕಾಗುತ್ತೆ, ತೊಗೊಂಡ್ಬಿಡು” ಎಂದನು. ಕರ್ನಾಟಕದಲ್ಲಿ ೨೦೨೦ರ ತಿದ್ದುಪಡಿಯ ಮೇಲೆ ರೈತರಲ್ಲದವರೂ ಸಾಗುವಳಿಯ ಭೂಮಿಯನ್ನು ಕೊಳ್ಳಬಹುದಾಗಿದೆಯೆಂಬುದು ನಿಜವೇ. ಆದರೆ ಮೇಲೆ ಹೇಳಿದ ಚೀಟಿಯು ಕೊಡುವ ಹಕ್ಕುಗಳಲ್ಲಿ ಹೊಲ, ತೋಟ, ತೋಟದ ಮನೆಗಳ ಖರೀದಿ ಸೇರಿಲ್ಲ. ಪಿತ್ರಾರ್ಜಿತವಾಗಿ ಬಂದುದಕ್ಕೆ ಅಡ್ಡಿಯಿಲ್ಲ. ಕ್ರಯಕ್ಕೆ ಕೊಂಡರೆ ಅಡ್ಡಿ. ಇದನ್ನು ತಿಳಿಸಿದಾಗ ತಮ್ಮನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನೀನು ಈ ಊರಿನವನಲ್ಲವೇನಣ್ಣಾ?” ಎಂದು ಕೇಳಿದನು. ನಾವು ಉತ್ತರ ಹೇಳಲಿಲ್ಲ. ಹೊಲವನ್ನು ಅವನೇ ಕೊಂಡನು. ಅದರ ರಾಗಿಯಲ್ಲಿ ನಮಗೂ ಒಂದು ಮೂಟೆ ಬರುತ್ತದೆ.

ಪಿಂಚಣಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಇಂಗ್ಲೆಂಡಿನ ಸರ್ಕಾರದ ಪಿಂಚಣಿಯು ದುಡಿಯುವಾಗ ಕಟ್ಟಿದ ವಂತಿಗೆಯಿಂದ ಬರತಕ್ಕದ್ದು. ಈಗಿನ ಪದ್ಧತಿಯಲ್ಲಿ ೩೫ ವರ್ಷ ಕಟ್ಟಿದವರಿಗೆ ಪೂರ್ಣ ಮೊತ್ತ. ೧೦ ವರ್ಷವಾದರೂ ಕಟ್ಟಿರದಿದ್ದರೆ ಸಾಮಾನ್ಯವಾಗಿ ಏನೂ ಇಲ್ಲ. ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಅದನ್ನು ಕಳುಹಿಸುವರು. ಆದರೆ ಪ್ರತಿ ಏಪ್ರಿಲ್ ತಿಂಗಳಲ್ಲಿ ಆಗುವ ಏರಿಕೆಯು ಎಲ್ಲರಿಗೂ ಇಲ್ಲ. ಯೂರೋಪಿನ ದೇಶಗಳಲ್ಲಿಯೂ, ಅಮೆರಿಕದಲ್ಲಿಯೂ, ಫಿಲಿಪೈನ್ಸಿನಲ್ಲಿಯೂ ಇರುವವರಿಗೆ ಏರಿಕೆ ಉಂಟು. ಭಾರತ, ಕೆನಡ, ಆಸ್ಟ್ರೇಲಿಯ ಮುಂತಾದ ದೇಶಗಳಲ್ಲಿರುವವರಿಗೆ ಇಲ್ಲ. ಅವರಿಗೆ ದೇಶ ಬಿಟ್ಟ ದಿನದ ದರವೇ, ಅಥವಾ ಹೊರಗಿದ್ದುಕೊಂಡೇ ಮೊದಲು ಪಡೆದ ದಿನದ ದರವೇ ಜೀವಮಾನಕ್ಕೆಲ್ಲಾ ಗೊತ್ತು.

ನಮ್ಮ ಮನೆಯ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ನಾವು ಹೊರಟಾಗ ಪೂರ್ಣ ಪಿಂಚಣಿಯು ವಾರಕ್ಕೆ ೧೫೯ ಪೌಂಡು ೫೫ ಪೆನ್ಸ್. ಈಗಲೂ ನಮಗೆ ಬರುವುದು ಅಷ್ಟೇ. ೨೦೨೫–೨೬ರ ಸಾಲಿನಲ್ಲಿ ಅಲ್ಲಿಯೇ ಇರುವವರಿಗೆ ೨೩೦ ಪೌಂಡು ೨೫ ಪೆನ್ಸ್. ಆ ಸಾಲಿನ ವ್ಯತ್ಯಾಸವೇ ವರ್ಷಕ್ಕೆ ೩,೬೭೬ ಪೌಂಡಾಗುತ್ತದೆ. ನಮ್ಮ ಮನೆಯವರಿಗೆ ೬೬ ತುಂಬಿದ್ದು ೨೦೨೨ರಲ್ಲಿ, ಇಲ್ಲಿಗೆ ಬಂದ ಮೇಲೆ. ಅವರಿಗೆ ಆ ವರ್ಷದ ೧೮೫ ಪೌಂಡು ೧೫ ಪೆನ್ಸ್ ದರದಲ್ಲಿ ೩೫ಕ್ಕೆ ೨೦ ಪಾಲು, ಎಂದರೆ ವಾರಕ್ಕೆ ೧೦೫ ಪೌಂಡು ೮೦ ಪೆನ್ಸ್. ಹೀಗೆ ಒಂದೇ ಸೂರಿನ ಕೆಳಗೆ ನಮ್ಮ ಗಡಿಯಾರ ೨೦೧೭ರ ಏಪ್ರಿಲಿನ ದರದಲ್ಲಿಯೂ, ಅವರದು ೨೦೨೨ರ ಏಪ್ರಿಲಿನ ದರದಲ್ಲಿಯೂ ನಿಂತುಹೋಗಿವೆ.

ನ್ಯಾಯವಾಗಿ ಇನ್ನೊಂದು ಪಕ್ಕವನ್ನೂ ಹೇಳಬೇಕು. ನಾವು ಬಂದಾಗ ಪೌಂಡಿಗೆ ಸುಮಾರು ೯೦ ರೂಪಾಯಿ. ೨೦೨೫ರ ಕೊನೆಗೆ ೧೧೫ಕ್ಕೂ ಮೇಲೆ. ಆದುದರಿಂದ ತಿಂಗಳಿಗೆ ೬೨ ಸಾವಿರದಷ್ಟಿದ್ದ ನಮ್ಮ ಪಿಂಚಣಿಯು ರೂಪಾಯಿಯ ಲೆಕ್ಕದಲ್ಲಿ ೭೯ ಸಾವಿರವಾಗಿದೆ. ಏರಿಕೆ ನಿಲ್ಲದಿದ್ದರೆ ಅದು ೧ ಲಕ್ಷ ೧೪ ಸಾವಿರವಾಗುತ್ತಿತ್ತು. ಮನೆಯವರದು ೫೨ ಸಾವಿರ ಬೇರೆ ಉಂಟು. ಟೊಮೇಟೊ ಬೆಲೆ ಬಿದ್ದ ವರ್ಷ ಹಣ್ಣನ್ನು ಕೀಳದೆ ಹೊಲದಲ್ಲಿಯೇ ಬಿಡುವ ರೈತರ ನಡುವೆ ಇಷ್ಟು ವರಮಾನವುಳ್ಳವರು ಬಡತನ ಹೇಳಿಕೊಂಡರೆ ಯಾರೂ ಮೆಚ್ಚರು, ನಾವೂ ಹೇಳಿಕೊಳ್ಳುವುದಿಲ್ಲ. ಹಳ್ಳಿಯ ಜೀವನಕ್ಕೆ ಇದು ಧಾರಾಳ. ಹಾಸಿಗೆ ಹಿಡಿದ ಮೇಲೆ, ಹಗಲು ರಾತ್ರಿ ಆಳು ಬೇಕಾದ ಮೇಲೆ, ಇನ್ನು ೧೫ ವರ್ಷಕ್ಕೆ ಸಾಕಾದೀತೇ ಎಂಬುದೇ ಪ್ರಶ್ನೆ. ರೂಪಾಯಿಯ ಇಳಿತವನ್ನು ನೆಚ್ಚಿ ಮುಪ್ಪನ್ನು ಕಳೆಯುವುದು ಮಳೆಯನ್ನು ನೆಚ್ಚಿ ಬಿತ್ತಿದಂತೆ. ಕೋಲಾರದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ದಕ್ಷಿಣ ಆಫ್ರಿಕದಲ್ಲಿ ನೆಲಸಿದ ಕಾರ್ಸನ್ ಎಂಬಾಕೆಯೂ ಇತರ ಹನ್ನೆರಡು ಮಂದಿಯೂ ಈ ಭೇದವು ಅನ್ಯಾಯವೆಂದು ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯದವರೆಗೆ ಹೋದರು. ೨೦೧೦ರ ಮಾರ್ಚಿಯಲ್ಲಿ ತೀರ್ಪು ಅವರಿಗೆ ವಿರುದ್ಧವಾಯಿತು. ಇಂಗ್ಲೆಂಡಿಗೆ ಮಕ್ಕಳನ್ನು ನೋಡಲು ಹೋದಷ್ಟು ವಾರ ಹೊಸ ದರವನ್ನು ಕೊಡುವರು. ಹಿಂದಿರುಗಿದೊಡನೆ ಹಳೆಯ ದರ.

ಆ ಪಿಂಚಣಿಯು ತಪ್ಪದೆ ಬರಬೇಕಾದರೆ ನಾವು ಬದುಕಿರುವೆವೆಂದು ಕಾಲಕಾಲಕ್ಕೆ ಬರೆದು ತಿಳಿಸಬೇಕು. ಅದಕ್ಕಾಗಿ ಒಂದು ನಮೂನೆ ಅಂಚೆಯಲ್ಲಿ ಬರುತ್ತದೆ. ಅಧ್ಯಾಪಕರು, ಬ್ಯಾಂಕಿನ ಅಧಿಕಾರಿ ಮೊದಲಾದ ಗಣ್ಯರೊಬ್ಬರ ಸಾಕ್ಷಿ ಹಾಕಿಸಿ ೧೬ ವಾರಗಳೊಳಗಾಗಿ ತಲಪಿಸದಿದ್ದರೆ ಹಣ ನಿಲ್ಲುವುದು. ಮೊದಲ ಸಲ ಒಂದು ಬ್ಯಾಂಕಿನವರು ಪರದೇಶದ ಕಾಗದಕ್ಕೆ ರುಜು ಹಾಕಲು ಹಿಂದೆಗೆದರು. ಕಡೆಗೆ ಪ್ರೌಢಶಾಲೆಯ ಅಧ್ಯಾಪಕರೊಬ್ಬರು ನಮ್ಮನ್ನು ಮೇಲಿನಿಂದ ಕೆಳಗಿನವರೆಗೂ ನೋಡಿ, “ಬದುಕಿದ್ದೀರಿ ಸ್ವಾಮಿ, ಸಂದೇಹವಿಲ್ಲ” ಎಂದು ನಗುತ್ತಾ ರುಜು ಹಾಕಿಕೊಟ್ಟರು. ಅಂಚೆಯು ಹಳ್ಳಿಗೆ ತಡವಾಗಿ ಬರುವುದುಂಟಾದ್ದರಿಂದ ಆ ಕಾಗದ ಬರುವ ಕಾಲವನ್ನು ಗುರುತಿಟ್ಟುಕೊಂಡು ಅಂಚೆಯವನನ್ನು ವಿಚಾರಿಸುತ್ತಿರಬೇಕು.

ತೆರಿಗೆಯ ವಿಷಯದಲ್ಲಿ ಮೂರು ಮಾತು ಸಾಕು. ಎರಡೂ ದೇಶಗಳಿಗೆ ೧೯೯೩ರ ಒಪ್ಪಂದವೊಂದಿದೆ. ಅದರ ಮೇರೆಗೆ ಅಲ್ಲಿಯ ಸರ್ಕಾರಿ ನೌಕರಿಯ ಪಿಂಚಣಿಗೆ ಸಾಮಾನ್ಯವಾಗಿ ಅಲ್ಲಿಯೇ ತೆರಿಗೆ. ಇತರ ಪಿಂಚಣಿಗಳಿಗೆ ವಾಸಿಸುವ ದೇಶದಲ್ಲಿ. ಬಹುಕಾಲದ ಮೇಲೆ ಮರಳಿದವರಿಗೆ ಮೊದಲ ಎರಡು ಮೂರು ವರ್ಷ ಹೊರದೇಶದ ವರಮಾನದ ಮೇಲೆ ಇಲ್ಲಿ ರಿಯಾಯಿತಿಯುಂಟು. ಅದು ತೀರಿದ ಮೇಲೆ ಅಲ್ಲಿಯ ಮನೆ, ಬ್ಯಾಂಕಿನ ಲೆಕ್ಕ ಎಲ್ಲವನ್ನೂ ಇಲ್ಲಿಯ ತೆರಿಗೆಯ ನಮೂನೆಯಲ್ಲಿ ತೋರಿಸಲೇಬೇಕು. ಬಚ್ಚಿಟ್ಟರೆ ೨೦೧೫ರ ಕಾನೂನಿನಂತೆ ೧೦ ಲಕ್ಷ ರೂಪಾಯಿ ದಂಡ ತೆರಬೇಕಾದೀತು. ಅನಿವಾಸಿಗಳಿಗೆಂದಿರುವ ಬ್ಯಾಂಕಿನ ಲೆಕ್ಕಗಳನ್ನೂ ನೆಲಸಲು ಬಂದೊಡನೆ ನಿವಾಸಿಗಳ ಲೆಕ್ಕವಾಗಿ ಬದಲಾಯಿಸಿಕೊಳ್ಳತಕ್ಕದ್ದು. ಇವನ್ನೆಲ್ಲಾ ತಿಳಿದ ಲೆಕ್ಕಿಗರೊಬ್ಬರಿಗೆ ವರ್ಷಕ್ಕೊಮ್ಮೆ ಫೀಜು ಕೊಡುವುದು ಉಳಿತಾಯವೇ ಹೊರತು ಖರ್ಚಲ್ಲ.

ಇಷ್ಟೆಲ್ಲವೂ ಕಾಗದದ ತೊಂದರೆಗಳು, ತಾಳ್ಮೆಯಿದ್ದರೆ ತೀರುತ್ತವೆ. ನಿಜವಾದ ಪರೀಕ್ಷೆ ನಮಗೆ ಬಂದದ್ದು ೨೦೨೩ರ ಮಳೆಗಾಲದಲ್ಲಿ. ನಡುರಾತ್ರಿ ನಮ್ಮ ಮನೆಯವರಿಗೆ ಎದೆನೋವು ಕಾಣಿಸಿತು. ತಮ್ಮನ ಮಗ ಕಾರು ತಂದನು. ಮುಳಬಾಗಿಲನ್ನು ದಾಟಿ, ಹೆದ್ದಾರಿಯಲ್ಲಿ ಕೋಲಾರದ ದೊಡ್ಡ ಆಸ್ಪತ್ರೆಯನ್ನು ಸೇರುವುದಕ್ಕೆ ಸುಮಾರು ೪೦ ಕಿಲೋಮೀಟರು. ಆ ದಾರಿಯಲ್ಲಿ ಅವರು ಒಂದೇ ಮಾತು ಆಡಿದರು: “ಹಾಲಿಗೆ ಹೆಪ್ಪು ಹಾಕಿರಲಿಲ್ಲ.” ವೈದ್ಯರು ಕಾಲಕ್ಕೆ ಸರಿಯಾಗಿ ಚಿಕಿತ್ಸೆ ಮಾಡಿದರು, ಅನಂತರ ಬೆಂಗಳೂರಿನಲ್ಲಿ ರಕ್ತನಾಳಕ್ಕೆ ಕೊಳವೆಯಿಟ್ಟರು. ಬದುಕಿದರು.

ಇಂಗ್ಲೆಂಡಿನಲ್ಲಿ ೧೯೪೮ರಿಂದ ನಡೆದುಬಂದಿರುವ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಅಲ್ಲಿಯ ನಿವಾಸಿಗಳಿಗೆ ಆಸ್ಪತ್ರೆಯಲ್ಲಿ ಹಣ ಕೇಳುವುದಿಲ್ಲ. ಆದರೆ ಆ ಹಕ್ಕು ವಾಸದಿಂದ ಬರತಕ್ಕದ್ದೇ ಹೊರತು, ಹಿಂದೆ ತೆರಿಗೆ ಕಟ್ಟಿದ್ದರಿಂದಾಗಲಿ ಪಾಸ್‌ಪೋರ್ಟಿನಿಂದಾಗಲಿ ಅಲ್ಲ. ನಮ್ಮಂತೆ ಹೊರಗೆ ನೆಲಸಿದವರು ನಾಲ್ಕು ವಾರಕ್ಕೆಂದು ಹೋದಾಗ ಕಾಯಿಲೆ ಬಿದ್ದರೆ, ತುರ್ತು ವಿಭಾಗದ ಚಿಕಿತ್ಸೆಯೇನೋ ಉಚಿತ. ಹಾಸಿಗೆಗೆ ಸೇರಿಸಿಕೊಂಡರೆ ಸಾಮಾನ್ಯವಾಗಿ ನಿಗದಿಯಾದ ದರದ ಒಂದೂವರೆ ಪಟ್ಟು ಕೊಡಬೇಕು. ಪುನಃ ನೆಲಸುವುದಕ್ಕೇ ಹೋದರೆ ಮಾತ್ರ ಹಳೆಯ ಹಕ್ಕು ಕೂಡಲೆ ಬರುವುದು. ಇಲ್ಲಿ ನೋಡಿದರೆ ಎಲ್ಲಕ್ಕೂ ಹಣ. ೨೦೧೮ರಲ್ಲಿ ವಿಮೆಗೆ ಪ್ರಯತ್ನಿಸಿದಾಗ ಎರಡು ಕಂಪೆನಿಗಳು ನಮ್ಮ ವಯಸ್ಸನ್ನು ನೋಡಿಯೇ ಅರ್ಜಿಯನ್ನು ಹಿಂದಿರುಗಿಸಿದುವು. ಮನೆಯವರಿಗೆ ಮಾತ್ರ ವಿಮೆ ದೊರೆಯಿತು. ಅದೇ ೨೦೨೩ರಲ್ಲಿ ನಮ್ಮನ್ನು ಕಾಪಾಡಿದುದು. ೨೦೨೪ರ ಏಪ್ರಿಲಿನಿಂದ ವಯಸ್ಸಿನ ಮಿತಿಯ ನಿಯಮ ಹೋಗಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಕಾಲವೂ ಹೆಚ್ಚೆಂದರೆ ಮೂರು ವರ್ಷಕ್ಕೆ ಇಳಿದಿದೆ. ೨೦೨೫ರ ಸೆಪ್ಟೆಂಬರಿನಿಂದ ವ್ಯಕ್ತಿಗಳ ಆರೋಗ್ಯವಿಮೆಯ ಕಂತಿನ ಮೇಲೆ ಜಿ.ಎಸ್.ಟಿ.ಯೂ ಇಲ್ಲ. ಬರಬೇಕೆಂದಿರುವವರು ಬರುವುದಕ್ಕೆ ಮೊದಲೇ ಈ ಕೆಲಸವನ್ನು ಮುಗಿಸಿಕೊಳ್ಳುವುದು ಉತ್ತಮ.

ಆಸ್ಪತ್ರೆಯಿಂದ ಬಂದ ವಾರದಲ್ಲಿಯೇ ಮಗಳು ಲೆಸ್ಟರಿನಿಂದ ಮಾತನಾಡಿದಳು. “ಅಪ್ಪಾ, ಅಮ್ಮನನ್ನು ಕರೆದುಕೊಂಡು ಬಂದುಬಿಡಿ. ಇಲ್ಲಿ ಆಸ್ಪತ್ರೆ ಹತ್ತು ನಿಮಿಷದ ದಾರಿ. ಮುಂದಿನ ಸಲ ಕಾರು ಸಿಕ್ಕದಿದ್ದರೆ?” ಎಂದಳು. ಆ ಪ್ರಶ್ನೆಗೆ ನಮ್ಮಲ್ಲಿ ಸಮಾಧಾನವಿರಲಿಲ್ಲ. ತಮ್ಮನ ಅಭಿಪ್ರಾಯ ಬೇರೆ: ಲೆಸ್ಟರಿನ ಮನೆಯನ್ನು ಮಾರಿ, ಬೆಂಗಳೂರಿನಲ್ಲಿ ಆಸ್ಪತ್ರೆಯ ಹತ್ತಿರ ಒಂದು ಮನೆ ಕೊಂಡು, ಬ್ರಿಟಿಷ್ ಪೌರತ್ವವನ್ನು ಬಿಟ್ಟು, ಪುನಃ ಭಾರತದ ಪ್ರಜೆಯಾಗಬೇಕು. ಇದೂ ಅಸಾಧ್ಯವಲ್ಲ. ಚೀಟಿ ಪಡೆದು ಐದು ವರ್ಷ ಕಳೆದು, ಅರ್ಜಿಗೆ ಮೊದಲು ಹನ್ನೆರಡು ತಿಂಗಳು ಇಲ್ಲಿ ವಾಸವಾಗಿದ್ದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಹಾಗಾದರೆ ಹೊಲ ಕೊಳ್ಳಬಹುದು, ಮತ ಹಾಕಬಹುದು. ವಂತಿಗೆಯಿಂದ ಬಂದ ಪಿಂಚಣಿಯೂ ಹೋಗುವುದಿಲ್ಲ. ಆದರೆ ಬೇಕೆಂದ ದಿನ ಮಗಳ ಮನೆಗೆ ಹೋಗಿ ನೆಲಸುವ ಹಕ್ಕು ಹೋಗುತ್ತದೆ. ತ್ಯಜಿಸಿದ ಪೌರತ್ವವನ್ನು ಒಮ್ಮೆ ಮರಳಿ ಪಡೆಯಲು ಅಲ್ಲಿಯ ಕಾನೂನಿನಲ್ಲಿ ದಾರಿಯಿದೆಯೆಂಬುದು ನಿಜ. ಎದೆನೋವು ಬಂದ ರಾತ್ರಿ ಆ ಅರ್ಜಿಯನ್ನು ಬರೆಯುತ್ತಾ ಕೂರುವುದಾಗುತ್ತದೆಯೇ?

ಹೀಗೆ ತಿಂಗಳುಗಟ್ಟಲೆ ಯೋಚಿಸುತ್ತಿದ್ದಾಗ, ನಮ್ಮ ಮನೆಯವರು ಒಂದು ಸಂಜೆ ಅವರೇಕಾಯಿ ಬಿಡಿಸುತ್ತಾ ತಾವಾಗಿಯೇ ವಿಷಯವನ್ನೆತ್ತಿದರು. “ನೀವು ಇಬ್ಬರ ಲೆಕ್ಕ ಹಾಕುತ್ತಿದ್ದೀರಿ, ಒಬ್ಬರ ಲೆಕ್ಕ ಹಾಕಿ ನೋಡಿ,” ಎಂದರು. “ನೀವು ಮೊದಲು ಹೋದರೆ ನಾನು ಇಲ್ಲಿಯೇ ಇರುತ್ತೇನೆ. ಓರಗಿತ್ತಿ ಇದ್ದಾಳೆ, ಕೂಗಿದರೆ ಬರುವವರಿದ್ದಾರೆ. ಆ ಊರಿನಲ್ಲಿ ಹಗಲೆಲ್ಲಾ ಕಿಟಕಿ ನೋಡುತ್ತಾ ಕೂರುವುದು ನನ್ನಿಂದಾಗದು. ನಾನು ಮೊದಲು ಹೋದರೆ ನೀವು ಮಗಳ ಹತ್ತಿರ ಹೋಗಬೇಕು. ನಿಮಗೆ ಒಂದು ಅನ್ನ ಮಾಡಿಕೊಳ್ಳುವುದಕ್ಕೂ ಬರುವುದಿಲ್ಲ. ತಮ್ಮನ ಮನೆಯವರಿಗೆ ಭಾರವಾಗುವುದು ಬೇಡ.”

ಲೆಕ್ಕದ ಗುಮಾಸ್ತೆಯಾಗಿದ್ದವರು ನಾವು; ಲೆಕ್ಕವನ್ನು ಸರಿಯಾದ ಕಡೆಯಿಂದ ಹಿಡಿದವರು ಅವರು. ಹೊಸ ಪದ್ಧತಿಯ ಪಿಂಚಣಿಯಲ್ಲಿ ಗಂಡನ ಮೂಲ ಪಿಂಚಣಿಯು ಹೆಂಡತಿಗೆ ಬರುವುದಿಲ್ಲ. ನಾವು ಕಣ್ಣುಮುಚ್ಚಿದರೆ ಅವರಿಗುಳಿಯುವುದು ೨೦೨೨ರ ದರದ ಆ ೧೦೫ ಪೌಂಡೇ. ಆದುದರಿಂದ ಲೆಸ್ಟರಿನ ಚಿಕ್ಕ ಮನೆಯನ್ನು ಮಾರಕೂಡದೆಂದು ತೀರ್ಮಾನವಾಯಿತು. ಅದರ ಬಾಡಿಗೆಯು ಅವರಿಗೆ ಆಧಾರ; ಅವರಿಲ್ಲದಿದ್ದರೆ ಅದರ ಒಂದು ಕೋಣೆ ನಮಗೆ ಆಶ್ರಯ. ಪೌರತ್ವವನ್ನು ಬದಲಾಯಿಸುವ ಯೋಚನೆಯನ್ನೂ ಬಿಟ್ಟೆವು. ಮಗಳಿಗೆ ಇದನ್ನು ತಿಳಿಸಿದಾಗ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಬರೆದು ಕಳುಹಿಸಿ ಅಪ್ಪಾ, ನಾಳೆ ನಾನು ಮರೆಯಬಾರದು” ಎಂದಳು. ಬರೆದು ಕಳುಹಿಸಿದೆವು. ಉಯಿಲನ್ನೂ ಎರಡು ಮಾಡಿಸಿದೆವು: ಅಲ್ಲಿಯ ಆಸ್ತಿಗೆ ಅಲ್ಲಿ, ಇಲ್ಲಿಯದಕ್ಕೆ ಇಲ್ಲಿ, ಒಂದು ಇನ್ನೊಂದನ್ನು ರದ್ದುಮಾಡದಂತೆ ವಕೀಲರಿಂದ ನೋಡಿಸಿ.

ಬರಲಿಚ್ಛಿಸುವವರಿಗೆ ಕೊನೆಯದಾಗಿ ನಮ್ಮ ಸೂಚನೆಗಳು ಇಷ್ಟು. ಮನೆ ಮಾರುವುದಕ್ಕೆ ಮೊದಲು ಒಂದು ಬೇಸಗೆಯೂ ಒಂದು ಮಳೆಗಾಲವೂ ಸೇರುವಂತೆ ಆರು ತಿಂಗಳು ಇಲ್ಲಿದ್ದು ನೋಡಬೇಕು. ಸಂಕ್ರಾಂತಿಗೆ ಮೂರು ವಾರ ಬಂದು ಹೋದವರಿಗೆ ಕೊಳವೆಬಾವಿ ಬತ್ತಿದ ವೈಶಾಖ ತಿಳಿಯದು. ಮನೆ ಕಟ್ಟುವವರು ಮಲಗುವ ಕೋಣೆಯನ್ನೂ ಬಚ್ಚಲನ್ನೂ ನೆಲದ ಅಂತಸ್ತಿನಲ್ಲಿಯೇ ಇಟ್ಟು, ಬಾಗಿಲುಗಳನ್ನು ಗಾಲಿಕುರ್ಚಿ ಹಿಡಿಸುವಷ್ಟು ಅಗಲ ಮಾಡಿಸತಕ್ಕದ್ದು. ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡು ಅಲ್ಲಿ ಶಾಶ್ವತವಾಸದ ಅನುಮತಿ ಮಾತ್ರ ಪಡೆದಿರುವವರು ವಿಶೇಷವಾಗಿ ಎಚ್ಚರದಿಂದಿರಬೇಕು. ಒಟ್ಟಿಗೆ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದರೆ ಆ ಅನುಮತಿಯು ಸಾಮಾನ್ಯವಾಗಿ ಹೋಗುತ್ತದೆ. ಪಿಂಚಣಿಯ ಸಂಖ್ಯೆ, ವಿಮೆಯ ಪತ್ರ, ಉಯಿಲು, ವೈದ್ಯರ ಚೀಟಿಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು, ಇಬ್ಬರಿಗಾದರೂ ಅದರ ಜಾಗವನ್ನು ತೋರಿಸಿರಬೇಕು. ನಮ್ಮ ಪೆಟ್ಟಿಗೆ ದೇವರ ಮನೆಯ ಅಟ್ಟದ ಮೇಲಿದೆ. ಬೀಗದ ಕೈ ಓರಗಿತ್ತಿಯ ಹತ್ತಿರ. ಕಾರಿಗೆ ಪೆಟ್ರೋಲು ತುಂಬಿರುವುದೇ ಎಂದು ತಮ್ಮನ ಮಗನು ಪ್ರತಿರಾತ್ರಿಯೂ ನೋಡಿಕೊಂಡು ಮಲಗುವನು. ಮನೆಯವರು ಈಗ ಹಾಲಿಗೆ ಸಂಜೆ ಏಳಕ್ಕೇ ಹೆಪ್ಪು ಹಾಕಿಬಿಡುತ್ತಾರೆ.